ಗಿಳಿಯ ಮುಂದೆ ಆಡಿದ ಮಾತು

ಕೌಟಿಲ್ಯನ ಅರ್ಥಶಾಸ್ತ್ರದ ಮೊದಲನೆಯ ಅಧಿಕರಣದಲ್ಲಿ ಮಂತ್ರಾಲೋಚನೆಯನ್ನು ಕುರಿತ ಪ್ರಕರಣವೊಂದುಂಟು. ಅರಸನು ಮಂತ್ರಿಗಳೊಡನೆ ಏಕಾಂತದಲ್ಲಿ ಮಾತನಾಡುವ ಸ್ಥಳವು ಎಲ್ಲ ಕಡೆಯೂ ಮರೆಯಾಗಿರಬೇಕು, ಒಳಗಿನ ಮಾತು ಹೊರಗೆ ಕೇಳಿಸಬಾರದು, ಹಕ್ಕಿಗಳ ಕಣ್ಣಿಗೂ ಅದು ಬೀಳಬಾರದು ಎಂದು ಅಲ್ಲಿ ವಿಧಿಸಿದೆ. ಗಿಳಿ ಗೊರವಂಕಗಳಿಂದಲೂ ನಾಯಿಗಳಿಂದಲೂ ರಹಸ್ಯವು ಒಡೆದುದನ್ನು ಕೇಳಿದ್ದೇವೆಂಬುದು ಗ್ರಂಥಕಾರನು ಇದಕ್ಕೆ ಕೊಡುವ ಕಾರಣ. ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ಈ ಗ್ರಂಥವನ್ನು ಗುರುತಿಸಿ ೧೯೦೯ರಲ್ಲಿ ಅಚ್ಚಿಗೆ ತಂದ ರುದ್ರಪಟ್ಟಣದ ಶಾಮಶಾಸ್ತ್ರಿಗಳು ಮುಂದೆ ಕೆಲವು ವರ್ಷಗಳ ಕಾಲ ಬೆಂಗಳೂರಿನ ಶ್ರೀ ಚಾಮರಾಜೇಂದ್ರ ಸಂಸ್ಕೃತ ಪಾಠಶಾಲೆಯ ಮುಖ್ಯಸ್ಥರಾಗಿದ್ದರೆಂಬುದು ಚಾಮರಾಜಪೇಟೆಯವರಿಗೆ ಅಭಿಮಾನದ ಸಂಗತಿ. ಅಮರುಕ ಕವಿಯಲ್ಲಿಯೂ ಒಂದು ಗಿಳಿಯಿದೆ. ದಂಪತಿಗಳು ರಾತ್ರಿ ಆಡಿಕೊಂಡುದನ್ನು ಅದು ಬೆಳಗ್ಗೆ ಗುರುಹಿರಿಯರ ಎದುರಿನಲ್ಲಿ ಒಪ್ಪಿಸತೊಡಗಲು, ನಾಚಿದ ವಧುವು ಕಿವಿಯ ಕೆಂಪಿನ ಓಲೆಯನ್ನು ದಾಳಿಂಬೆಯ ಬೀಜವೆಂಬಂತೆ ಅದರ ಕೊಕ್ಕಿಗಿಟ್ಟು ಬಾಯಿ ಕಟ್ಟುತ್ತಾಳೆ. ಅರ್ಥವನ್ನರಿಯದೆ, ಕೇಳಿದುದನ್ನು ಕೇಳಿದಂತೆಯೇ, ಯಾರ ಮುಂದಾದರೂ ಒಪ್ಪಿಸಿಬಿಡುವ ಈ ಗಿಳಿಯೇ ಪ್ರಾಚೀನರು ಕಂಡ ಧ್ವನಿಮುದ್ರಣಯಂತ್ರವೆಂದರೆ ತಪ್ಪಾಗಲಾರದು.

ರಾಜ್ಯದ ಗುಟ್ಟಿಗೆ ಕಾವಲಿಡುವವರು ಎಂದೂ ಇದ್ದರು. ಸಂಕಟಕ್ಕೆ ಸಿಕ್ಕಿದ ಸಾಮಾನ್ಯನ ಗುಟ್ಟಿಗೆ ಕಾವಲು ಯಾರು? ಈ ಪ್ರಶ್ನೆಗೆ ಬೆಂಗಳೂರಿನಲ್ಲಿ ಒಂದು ಚರಿತ್ರೆಯೇ ಉಂಟು.

ಚಾಮರಾಜಪೇಟೆಯು ೧೮೯೨ರ ಬಡಾವಣೆ. ಬಸವನಗುಡಿ ಮಲ್ಲೇಶ್ವರಗಳು ಬೆಳೆದುದಕ್ಕೆ ೧೮೯೮ರ ಪ್ಲೇಗು ಮುಖ್ಯ ಪ್ರೇರಣೆಯಾಯಿತು. ಆ ಪಿಡುಗಿನ ಕಾಲದಲ್ಲಿಯೇ ನಿವಾರಣಾ ಕಾರ್ಯಗಳನ್ನು ಒಂದಕ್ಕೊಂದು ಹೊಂದಿಸುವುದಕ್ಕಾಗಿ ನಗರದಲ್ಲಿ ದೂರವಾಣಿಯ ತಂತಿಗಳನ್ನೆಳೆದರು. ದೂರವಾಣಿಗೂ ಆಪತ್ತಿಗೂ ಈ ಊರಿನಲ್ಲಿ ಹೀಗೆ ಹಳೆಯ ನಂಟು. ಸ್ವಾತಂತ್ರ್ಯ ಬಂದ ಮರುವರ್ಷ, ೧೯೪೮ರಲ್ಲಿ, ಭಾರತೀಯ ದೂರವಾಣಿ ಕಾರ್ಖಾನೆಯು ಬೆಂಗಳೂರಿನಲ್ಲಿಯೇ ಆರಂಭವಾಯಿತು. ಅದರ ನೆಲೆಗೆ ದೂರವಾಣಿನಗರವೆಂದೇ ಹೆಸರು ನಿಂತಿತು. ದೇಶದ ಮನೆಮನೆಯ ಕರಿಯ ಯಂತ್ರಗಳನ್ನು ಬಹುಕಾಲ ಒದಗಿಸಿದ್ದು ಈ ಕಾರ್ಖಾನೆ.

ಆದರೆ ಅಂದಿನ ದೂರವಾಣಿಯಲ್ಲಿ ಗುಟ್ಟೆಂಬುದು ಇರಲಿಲ್ಲ. ಕೈಯಿಂದ ಸಂಪರ್ಕ ಕಲ್ಪಿಸುವ ವಿನಿಮಯ ಕೇಂದ್ರದಲ್ಲಿ ಕುಳಿತವರು ಬಯಸಿದರೆ ಎಲ್ಲರ ಮಾತನ್ನೂ ಕೇಳಬಹುದಾಗಿತ್ತು. ಟ್ರಂಕ್ ಕಾಲಿನಲ್ಲಿ ಮಾತನಾಡುವವರು ಗಂಟಲೆತ್ತಿ ಕೂಗುತ್ತಿದ್ದರಾಗಿ ಬೀದಿಗೂ ಸುದ್ದಿ ತಿಳಿಯುತ್ತಿತ್ತು. ವಠಾರಗಳಲ್ಲಿ ಹತ್ತು ಮನೆಗೆ ಒಂದು ದೂರವಾಣಿಯಿದ್ದರೆ ಅದೇ ಭಾಗ್ಯ. ಉಳಿದವರು ತಮ್ಮ ಪರಿಚಯಪತ್ರದಲ್ಲಿ ನೆರೆಮನೆಯ ಸಂಖ್ಯೆಯನ್ನು ಬರೆದು ಮುಂದೆ ‘ಪಿ.ಪಿ.’ ಎಂದು ಸೇರಿಸುತ್ತಿದ್ದರು. ನೆರೆಮನೆಯ ನಡುಮನೆಯಲ್ಲಿ, ಆ ಮನೆಯವರೆಲ್ಲ ಪತ್ರಿಕೆಯನ್ನು ಓದುವಂತೆ ನಟಿಸುತ್ತಿರುವಾಗ, ಮಗಳ ಸಂಸಾರದ ಕಷ್ಟವನ್ನು ಯಾವ ತಾಯಿ ತಾನೆ ಹೇಳಿಯಾಳು? ಅನಂತರ ಬೀದಿಬೀದಿಗೆ ಬಂದ ಎಸ್.ಟಿ.ಡಿ. ಬೂತಿಗೆ ಗಾಜಿನ ಬಾಗಿಲಿತ್ತು. ಒಳಗೆ ಅಳುವವರು ಹೊರಗೆ ಸರದಿ ಕಾಯುವವರಿಗೆ ಚೆನ್ನಾಗಿ ಕಾಣುತ್ತಿದ್ದರು. ಹೀಗಾಗಿ ಮನಸ್ಸಿನ ನೋವನ್ನು ತೋಡಿಕೊಳ್ಳುವುದಕ್ಕೆ ಅಂಚೆಯ ಮುಚ್ಚಿದ ಲಕೋಟೆಯೇ ಬಹುಕಾಲ ದಿಕ್ಕಾಯಿತು. ನಿಯತಕಾಲಿಕಗಳ ವೈದ್ಯಕೀಯ ಪ್ರಶ್ನೋತ್ತರದ ಅಂಕಣಗಳಲ್ಲಿ ‘ಹೆಸರು ಬೇಡ’ ಎಂಬ ಸಹಿಯಿಂದ ಅಚ್ಚಾಗುತ್ತಿದ್ದ ಕಾಗದಗಳನ್ನು ನೆನೆದರೆ ಸಾಕು. ‘ಕೊರವಂಜಿ’ಯ ಸಂಪಾದಕರಾಗಿ ನಾಡನ್ನು ನಗಿಸಿದ ಡಾಕ್ಟರ್ ಎಂ. ಶಿವರಾಮರು ‘ರಾಶಿ’ಯೆಂಬ ಹೆಸರಿನಿಂದ ಪ್ರಸಿದ್ಧರು. ಮನಸ್ಸಿನ ರೋಗಗಳನ್ನು ಕುರಿತು ಕನ್ನಡದಲ್ಲಿ ನಿಸ್ಸಂಕೋಚವಾಗಿ ಬರೆದವರೂ ಅವರೇ. ಅವರ ‘ಮನಮಂಥನ’ಕ್ಕೆ ೧೯೭೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು.

ಆಸ್ಪತ್ರೆಯು ಊರಿನಲ್ಲಿಯೇ ಇತ್ತಲ್ಲ ಎಂದು ಕೇಳಬಹುದು. ಇತ್ತು. ೧೮೪೭ರಷ್ಟು ಹಿಂದೆಯೇ ಬೆಂಗಳೂರಿನಲ್ಲಿ ಮನೋರೋಗಿಗಳ ಆಶ್ರಯಸ್ಥಾನವಿತ್ತು. ೧೯೨೫ರಲ್ಲಿ ಅದಕ್ಕೆ ಮಾನಸಿಕ ಆಸ್ಪತ್ರೆಯೆಂಬ ಹೆಸರಾಯಿತು. ೧೯೫೪ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಸ್ಥಾಪಿತವಾಗಿ, ೧೯೭೪ರಲ್ಲಿ ಎರಡೂ ಕೂಡಿ ಈಗಿನ ನಿಮ್ಹಾನ್ಸ್ ಆಯಿತು. ಸರಕಾರವು ಹೆಸರನ್ನು ಎಷ್ಟು ಸಲ ಬದಲಾಯಿಸಿದರೂ ಜನರ ಬಾಯಲ್ಲಿ ಅದು ‘ಹುಚ್ಚಾಸ್ಪತ್ರೆ’ಯೇ ಆಗಿ ಉಳಿಯಿತು. ಅದರ ಬಾಗಿಲಲ್ಲಿ ಪರಿಚಿತರ ಕಣ್ಣಿಗೆ ಬಿದ್ದರೆ ಮನೆಯ ಹೆಣ್ಣುಮಕ್ಕಳ ಮದುವೆಗೆ ಅಡ್ಡಿಯಾದೀತೆಂಬ ಭಯವಿತ್ತು. ಆ ಭಯವು ನಿರಾಧಾರವೂ ಆಗಿರಲಿಲ್ಲ. ವೈದ್ಯವಿದ್ಯೆಯು ಕೈಗೆ ಎಟಕುವಷ್ಟು ಹತ್ತಿರದಲ್ಲಿದ್ದೂ ಊರಿನ ಕಣ್ಣು ಅದರ ದಾರಿಯನ್ನು ಮುಚ್ಚಿತ್ತು.

ಇತ್ತ ಲಂಡನ್ ನಗರದಲ್ಲಿ, ೧೯೫೩ರಲ್ಲಿ, ಚಾಡ್ ವರಾ ಎಂಬ ಪಾದ್ರಿಗಳು ಬದುಕಿನಲ್ಲಿ ಹತಾಶರಾದವರು ಕರೆಮಾಡಬಹುದೆಂದು ತಮ್ಮ ದೇವಾಲಯದ ದೂರವಾಣಿಯ ಸಂಖ್ಯೆಯನ್ನು ಪ್ರಕಟಿಸಿದರು. ‘ಸಮಾರಿಟನ್ಸ್’ ಎಂಬ ಸಂಸ್ಥೆಗೆ ಅದೇ ಆರಂಭ. ಔಷಧ ಕೊಡುವುದು, ಉಪದೇಶ ಮಾಡುವುದು ಅವರ ಕ್ರಮವಲ್ಲ. ತಾಳ್ಮೆಯಿಂದ ಕೇಳುವುದೇ ಕ್ರಮ. ಕರೆದವರು ಹೆಸರು ಹೇಳಬೇಕಾಗಿಲ್ಲ, ಹೇಳಿದ ಮಾತು ಆ ಕೊಠಡಿಯನ್ನು ದಾಟುವುದಿಲ್ಲ ಎಂಬ ಎರಡು ಆಶ್ವಾಸನೆಗಳ ಮೇಲೆ ಇಡೀ ವ್ಯವಸ್ಥೆ ನಿಂತಿತ್ತು. ಇದೇ ಮಾರ್ಗದಲ್ಲಿ ೧೯೮೬ರಲ್ಲಿ ಚೆನ್ನೈಯ ‘ಸ್ನೇಹಾ’ ಹುಟ್ಟಿತು. ಬೆಂಗಳೂರಿನಲ್ಲಿ ೧೯೬೪ರಿಂದ ಮನೋರೋಗಿಗಳ ಸೇವೆಯಲ್ಲಿದ್ದ ಮೆಡಿಕೋ ಪ್ಯಾಸ್ಟೊರಲ್ ಅಸೋಸಿಯೇಷನ್ ಎಂಬ ಸಂಘವು ನಿಮ್ಹಾನ್ಸ್ ಮತ್ತು ರೋಟರಿ ಸಂಸ್ಥೆಯವರೊಡನೆ ಕೂಡಿ ೨೦೦೨ರಲ್ಲಿ ‘ಸಹಾಯ್’ ಎಂಬ ಸಹಾಯವಾಣಿಯನ್ನು ತೆರೆಯಿತು. ತರಬೇತಿ ಪಡೆದ ಸ್ವಯಂಸೇವಕರು ಅಲ್ಲಿ ಕರೆಗಳಿಗೆ ಕಿವಿಗೊಟ್ಟರು. ಇದಕ್ಕೆ ಮೊದಲೇ, ೧೯೯೯ರಲ್ಲಿ, ಹೆಂಗಸರಿಗಾಗಿ ‘ವನಿತಾ ಸಹಾಯವಾಣಿ’ ಆರಂಭವಾಗಿತ್ತು. ಆದರೆ ಅದರ ನೆಲೆ ಪೊಲೀಸ್ ಕಮಿಷನರ ಕಚೇರಿ. ರಕ್ಷಣೆ ಬೇಕಾದವಳಿಗೆ ಅದೇ ಧೈರ್ಯ. ಗುಟ್ಟಾಗಿ ಒಂದು ಮಾತು ಹೇಳಿ ಹಗುರಾಗಬೇಕೆನ್ನುವವಳಿಗೆ ಅದೇ ಅಳುಕು.

ಅಳುಕಿಗೆ ಕಾನೂನಿನಲ್ಲಿಯೇ ಕಾರಣವಿತ್ತೆಂಬುದನ್ನು ಮರೆಯಲಾಗದು. ೧೮೬೦ರ ದಂಡಸಂಹಿತೆಯ ೩೦೯ನೆಯ ಪ್ರಕರಣದಂತೆ ಪ್ರಾಣತ್ಯಾಗದ ಪ್ರಯತ್ನವು ಒಂದು ವರ್ಷದವರೆಗೆ ಸಾದಾ ಸೆರೆವಾಸಕ್ಕೆ ಗುರಿಮಾಡಬಹುದಾದ ಅಪರಾಧ. ಸರ್ವೋಚ್ಚ ನ್ಯಾಯಾಲಯವು ೧೯೯೪ರಲ್ಲಿ ಈ ಪ್ರಕರಣವನ್ನು ಅಸಿಂಧುವೆಂದು ತೀರ್ಮಾನಿಸಿ, ೧೯೯೬ರಲ್ಲಿ ಐವರು ನ್ಯಾಯಾಧೀಶರ ಪೀಠದಿಂದ ಮತ್ತೆ ಸಿಂಧುವೆಂದಿತು. ಆದ್ದರಿಂದ ೨೦೦೨ರಲ್ಲಿ ಒಬ್ಬನು ಸಹಾಯವಾಣಿಗೆ ಕರೆಮಾಡಿ, ತಾನು ಕಳೆದ ವಾರ ಸಾಯಲೆತ್ನಿಸಿದೆನೆಂದು ಹೇಳಿಕೊಂಡರೆ, ಲೋಕದೃಷ್ಟಿಯಲ್ಲಿ ಅದು ನೋವಿನ ನಿವೇದನೆ, ದಂಡಸಂಹಿತೆಯ ದೃಷ್ಟಿಯಲ್ಲಿ ತಪ್ಪೊಪ್ಪಿಗೆ. ಅಂಥ ಮಾತನ್ನು ಯಂತ್ರವೊಂದು ಹಿಡಿದಿಟ್ಟುಕೊಂಡರೆ ಅದು ಏನಾಗಿ ಪರಿಣಮಿಸೀತೆಂದು ಹೆದರಿದವನನ್ನು ಸಂಶಯಪಿಶಾಚಿಯೆಂದು ಹಳಿಯುವುದು ನ್ಯಾಯವಲ್ಲ. ೨೦೧೭ರ ಮಾನಸಿಕ ಆರೋಗ್ಯ ಸೇವಾ ಅಧಿನಿಯಮವು ೨೦೧೮ರ ಮೇ ೨೯ರಂದು ಜಾರಿಗೆ ಬಂದ ಮೇಲೆ ಈ ಕತ್ತಿಯ ಅಲಗು ಮೊಂಡಾಯಿತು. ಅದರ ೧೧೫ನೆಯ ಪ್ರಕರಣವು ಅಂಥವನು ತೀವ್ರ ಮನಃಕ್ಲೇಶದಲ್ಲಿದ್ದನೆಂದೇ ಭಾವಿಸಬೇಕು, ದಂಡಿಸಬಾರದು ಎಂದಿತು. ೨೦೨೪ರ ಜುಲೈ ೧ರಂದು ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ ೩೦೯ನೆಯ ಪ್ರಕರಣವು ಇಲ್ಲವೇ ಇಲ್ಲ. ಸರಕಾರಿ ಅಧಿಕಾರಿಯನ್ನು ಬಲವಂತಪಡಿಸುವುದಕ್ಕಾಗಿ ಮಾಡುವ ಪ್ರಯತ್ನವೊಂದನ್ನು ಮಾತ್ರ ಬೇರೊಂದು ಪ್ರಕರಣದಲ್ಲಿ ಉಳಿಸಿಕೊಂಡಿದ್ದಾರೆ.

ಕದ್ದು ಕೇಳುವ ಕಿವಿಯ ಅನುಭವವೂ ಕನ್ನಡಿಗರಿಗೆ ಹೊಸದಲ್ಲ. ೧೯೮೮ರ ಆಗಸ್ಟಿನಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ಪದತ್ಯಾಗ ಮಾಡಿದುದು ರಾಜಕಾರಣಿಗಳೇ ಮೊದಲಾದವರ ದೂರವಾಣಿಗಳನ್ನು ಗುಟ್ಟಾಗಿ ಆಲಿಸಲಾಯಿತೆಂಬ ಆರೋಪದ ಬಿರುಗಾಳಿಯಲ್ಲಿ. ಅಲ್ಲಿಯವರೆಗೆ ೧೮೮೫ರ ಟೆಲಿಗ್ರಾಫ್ ಶಾಸನದ ಐದನೆಯ ಪ್ರಕರಣವನ್ನು ವಕೀಲರಲ್ಲದವರು ಕೇಳಿಯೇ ಇರಲಿಲ್ಲ. ೧೯೯೬ರ ಡಿಸೆಂಬರ್ ೧೮ರಂದು ಸರ್ವೋಚ್ಚ ನ್ಯಾಯಾಲಯವು ಪೌರಸ್ವಾತಂತ್ರ್ಯ ಸಂಘದವರ ಮೊಕದ್ದಮೆಯಲ್ಲಿ ಈ ಅಧಿಕಾರಕ್ಕೆ ಕಟ್ಟುಗಳನ್ನು ಹಾಕಿತು: ಗೃಹ ಇಲಾಖೆಯ ಕಾರ್ಯದರ್ಶಿಯ ಆಜ್ಞೆ ಬೇಕು, ಅದು ಎರಡು ತಿಂಗಳಿಗೆ ಮುಗಿಯತಕ್ಕದ್ದು, ಮುಂದುವರಿಸಿದರೂ ಒಟ್ಟು ಆರು ತಿಂಗಳನ್ನು ಮೀರಕೂಡದು, ಅಗತ್ಯ ತೀರಿದೊಡನೆ ಪ್ರತಿಗಳನ್ನು ನಾಶಪಡಿಸಬೇಕು. ಇಲ್ಲೊಂದು ವೈಚಿತ್ರ್ಯವನ್ನು ವಾಚಕರು ಗಮನಿಸಬೇಕು. ಸರಕಾರವು ಶಂಕಿಸಿ ಆಲಿಸಿದವನ ಮಾತಿಗೆ ಆಯುಸ್ಸಿನ ಮಿತಿ ಗೊತ್ತಾಯಿತು. ತಾನಾಗಿ ನಂಬಿ ಸಹಾಯವಾಣಿಗೆ ಕರೆಮಾಡಿದವನ ಮಾತು ಎಷ್ಟು ಕಾಲ ಉಳಿಯಬಹುದೆಂಬುದಕ್ಕೆ ಆ ತೀರ್ಪಿನಲ್ಲಿ ಉತ್ತರವಿಲ್ಲ, ಏಕೆಂದರೆ ಕರೆಯನ್ನು ಸ್ವೀಕರಿಸಿದವರೇ ಮುದ್ರಿಸಿಕೊಂಡರೆ ಅದು ಕದ್ದು ಕೇಳುವುದಾಗದು.

ಖಾಸಗಿತನವು ಮೂಲಭೂತ ಹಕ್ಕೆಂದು ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ಮಂದಿ ನ್ಯಾಯಾಧೀಶರು ಏಕಮತದಿಂದ ಸಾರಿದ ಮೊಕದ್ದಮೆಗೆ ಬೆಂಗಳೂರಿನವರೊಬ್ಬರ ಹೆಸರೇ ನಿಂತಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ೨೦೧೨ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತಾರು ವರ್ಷ ವಯಸ್ಸು. ಅವರು ತೀರಿಕೊಂಡುದು ೨೦೨೪ರ ಅಕ್ಟೋಬರಿನಲ್ಲಿ. ತನ್ನ ವಿಷಯದ ಮಾಹಿತಿಯು ಯಾರ ಕೈಸೇರಬೇಕೆಂಬುದರಲ್ಲಿ ವ್ಯಕ್ತಿಗೆ ಅಧಿಕಾರವುಂಟೆಂಬ ತತ್ತ್ವವು ಆ ತೀರ್ಪಿನಿಂದ ಸ್ಥಿರಪಟ್ಟಿತು.

೨೦೨೦ರಲ್ಲಿ ಕೋವಿಡ್ ವ್ಯಾಧಿಯು ಎಲ್ಲರನ್ನೂ ಮನೆಯೊಳಗೆ ಕೂಡಿಹಾಕಿದಾಗ ದೂರವಾಣಿಯೊಂದೇ ದಾರಿಯಾಗಿ ಉಳಿಯಿತು. ನಿಮ್ಹಾನ್ಸ್ ತಾನೇ ಒಂದು ಸಹಾಯವಾಣಿಯನ್ನು ತೆರೆಯಿತು. ಕೇಂದ್ರ ಸರಕಾರವು ದೂರವೈದ್ಯದ ಮಾರ್ಗಸೂತ್ರಗಳನ್ನು ಅದೇ ವರ್ಷದ ಮಾರ್ಚ್ ೨೫ರಂದು ಹೊರಡಿಸಿತು. ಅವುಗಳ ಪ್ರಕಾರ ವೈದ್ಯನೂ ರೋಗಿಯೂ ಪರಸ್ಪರ ಗುರುತನ್ನು ಅರಿತಿರಬೇಕು, ಅನಾಮಧೇಯ ಸಮಾಲೋಚನೆ ಕೂಡದು, ನಡೆದುದರ ದಾಖಲೆಯನ್ನು ವೈದ್ಯನು ಇಡತಕ್ಕದ್ದು. ಔಷಧವನ್ನು ಬರೆದುಕೊಡುವವನಿಗೆ ಇದು ಯುಕ್ತವೇ. ಆದರೆ ಪಾದ್ರಿಗಳು ೧೯೫೩ರಲ್ಲಿ ಹಾಕಿದ ಬುನಾದಿ ಇದಕ್ಕೆ ತೀರ ವಿರುದ್ಧ. ಒಂದರಲ್ಲಿ ಹೆಸರಿಲ್ಲದೆ ಪ್ರವೇಶವಿಲ್ಲ. ಇನ್ನೊಂದರಲ್ಲಿ ಹೆಸರು ಕೇಳಿದರೆ ಬಾಗಿಲು ಮುಚ್ಚಿದಂತೆ. ವಿಶ್ವ ಮಾನಸಿಕ ಆರೋಗ್ಯ ದಿನವಾದ ೨೦೨೨ರ ಅಕ್ಟೋಬರ್ ೧೦ರಂದು ಬೆಂಗಳೂರಿನಿಂದಲೇ ಉದ್ಘಾಟಿತವಾದ ‘ಟೆಲಿ ಮಾನಸ್’ ವ್ಯವಸ್ಥೆಯಲ್ಲಿ ಈ ಎರಡು ಸಂಪ್ರದಾಯಗಳೂ ಒಂದೇ ಛಾವಣಿಯಡಿ ಬಂದು ನಿಂತವು: ಮೊದಲು ಸಮಾಲೋಚಕನು ಕರೆಯನ್ನು ಕೇಳುತ್ತಾನೆ, ಬೇಕಾದರೆ ಮುಂದೆ ಮನೋವೈದ್ಯನ ಬಳಿಗೆ ದಾಟಿಸುತ್ತಾನೆ. ನಿಮ್ಹಾನ್ಸ್ ಇದಕ್ಕೆ ಮೂಲಸ್ಥಾನ. ಯಂತ್ರವ್ಯವಸ್ಥೆಯ ನೆರವು ಬೆಂಗಳೂರಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯದು. ೧೪೪೧೬ ಎಂಬ ಒಂದೇ ಸಂಖ್ಯೆಯಿಂದ ಕನ್ನಡವೂ ಸೇರಿ ಇಪ್ಪತ್ತು ಭಾಷೆಗಳಲ್ಲಿ ಉತ್ತರ ದೊರೆಯುವಂತಾಗಿ, ೨೦೨೫ರೊಳಗೆ ೨೦ ಲಕ್ಷಕ್ಕೂ ಮೀರಿ ಕರೆಗಳು ಬಂದವು. ಒಂದು ಕಾಲಕ್ಕೆ ಬಾಗಿಲಲ್ಲಿ ಕಾಣಿಸಿಕೊಳ್ಳಲು ಹೆದರುತ್ತಿದ್ದ ಜನ ಇಷ್ಟು ಸಂಖ್ಯೆಯಲ್ಲಿ ಮಾತನಾಡಿದುದು ಸಾಧಾರಣ ಸಂಗತಿಯಲ್ಲ. ಎಷ್ಟು ಕಿವಿಗಳು ಕೇಳುತ್ತಿವೆಯೆಂಬ ಪ್ರಶ್ನೆಯು ಈಗ ಹೆಚ್ಚು ತೂಕವನ್ನು ಪಡೆದುದೂ ಇದರಿಂದಲೇ.

ಸಹಾಯವಾಣಿಗಳು ಕರೆಗಳನ್ನು ಏಕೆ ಮುದ್ರಿಸಿಕೊಳ್ಳಬಯಸುತ್ತವೆ? ಕಾರಣಗಳು ಕ್ಷುಲ್ಲಕವಲ್ಲ. ಕೇಳುವವನು ಸರಿಯಾಗಿ ನಡೆದುಕೊಂಡನೆ ಎಂದು ಹಿರಿಯರು ಪರೀಕ್ಷಿಸಬೇಕು, ಹೊಸಬರಿಗೆ ಕಲಿಸಬೇಕು, ಕುಚೇಷ್ಟೆಗಾಗಿ ಕರೆಮಾಡಿ ಸ್ವಯಂಸೇವಕಿಯರನ್ನು ಪೀಡಿಸುವ ನೀಚರಿಗೆ ಸಾಕ್ಷ್ಯ ಬೇಕು, ಪ್ರಾಣಾಪಾಯದ ಕರೆಯು ನಡುವೆ ಕಡಿದುಹೋದರೆ, ಅವನು ಎಲ್ಲಿದ್ದೇನೆಂದು ಹೇಳಿದನೆಂಬುದನ್ನು ಇನ್ನೊಮ್ಮೆ ಕೇಳಿ ತಿಳಿಯಬೇಕು. ಈ ಕೊನೆಯ ಕಾರಣಕ್ಕೆ ಎದುರು ಹೇಳುವುದು ಕಷ್ಟ. ಆದರೆ ಉಳಿದವುಗಳಿಗೆ ಬೇರೆ ಉಪಾಯಗಳಿವೆ. ಹಿರಿಯರು ಪಕ್ಕದಲ್ಲಿ ಕುಳಿತು ತಿದ್ದಬಹುದು. ಕಲಿಯುವವರಿಗೆ ಸೋಗಿನ ಕರೆಗಳಿಂದ ಪಾಠ ಹೇಳಬಹುದು. ಬ್ಯಾಂಕುಗಳ ಮತ್ತು ವ್ಯಾಪಾರಸಂಸ್ಥೆಗಳ ಕರೆಕೇಂದ್ರಗಳಲ್ಲಿ ರೂಢಿಯಾದ ಯಂತ್ರವನ್ನು ಹಾಗೆಯೇ ತಂದು ನಿಲ್ಲಿಸಿದಾಗ ಅದರೊಡನೆ ಅದರ ಅಭ್ಯಾಸಗಳೂ ಬರುತ್ತವೆ. ‘ಗುಣಮಟ್ಟದ ಉದ್ದೇಶಕ್ಕಾಗಿ ಈ ಕರೆಯನ್ನು ಮುದ್ರಿಸಿಕೊಳ್ಳಲಾಗುವುದು’ ಎಂಬ ಘೋಷಣೆಯನ್ನು ಸಾಲದ ಕಂತನ್ನು ವಿಚಾರಿಸುವವನು ಕಿವಿಗೆ ಹಾಕಿಕೊಳ್ಳುವುದಿಲ್ಲ. ನಡುರಾತ್ರಿಯಲ್ಲಿ ಮನೆಯವರೆಲ್ಲ ಮಲಗಿದ ಮೇಲೆ ಬಚ್ಚಲಮನೆಯ ಬಾಗಿಲು ಹಾಕಿಕೊಂಡು, ಮೂರು ಸಲ ಸಂಖ್ಯೆಯನ್ನು ಒತ್ತಿ ಎರಡು ಸಲ ಕಡಿದ ಸೊಸೆಯೊಬ್ಬಳಿದ್ದಾಳೆಂದು ಭಾವಿಸೋಣ. ಆ ಘೋಷಣೆಯು ಅವಳ ಕಿವಿಗೆ ಬೇರೆಯೇ ಆಗಿ ಬೀಳುತ್ತದೆ. ಅವಳು ಮೂರನೆಯ ಸಲವೂ ಕಡಿದರೆ ಯಾವ ಲೆಕ್ಕದ ಪುಸ್ತಕದಲ್ಲಿಯೂ ಅದು ಸೇರುವುದಿಲ್ಲ. ಹಾಗೆಂದು ಘೋಷಣೆಯನ್ನೇ ಬಿಟ್ಟು ಗುಟ್ಟಾಗಿ ಮುದ್ರಿಸಿಕೊಳ್ಳುವುದು ಇನ್ನೂ ಹೀನವಾದ ಕೆಲಸ.

ಹೆಸರನ್ನು ಅಳಿಸಿಬಿಟ್ಟರೆ ಸಾಕಲ್ಲವೆ ಎಂದು ಯಂತ್ರಜ್ಞರು ಹೇಳುವುದುಂಟು. ಕನ್ನಡಿಗರ ಮಟ್ಟಿಗಾದರೂ ಈ ಸಮಾಧಾನವು ಸಾಲದು. ಹೆಸರನ್ನು ಅಳಿಸಬಹುದು, ನುಡಿಯನ್ನು ಅಳಿಸುವುದೆಂತು? ನಾಲ್ಕು ಮಾತು ಕೇಳಿದರೆ ಆಡಿದವರು ಧಾರವಾಡದ ಕಡೆಯವರೋ, ಮಂಗಳೂರಿನವರೋ, ಕೋಲಾರದವರೋ ಗೊತ್ತಾಗುತ್ತದೆ. ಇನ್ನು ನಾಲ್ಕು ಮಾತಿಗೆ ಮನೆತನದ ಸುಳಿವೂ ಸಿಕ್ಕುತ್ತದೆ. ಬಸವನಗುಡಿಯಂಥ ಕಡೆಯಲ್ಲಿ, ಯಾವ ದೇವಾಲಯದ ಹಿಂದಿನ ಬೀದಿ, ಗಂಡನು ಯಾವ ಕಚೇರಿಯಲ್ಲಿ ಇರುವವನು ಎಂಬಷ್ಟು ತಿಳಿದರೆ ಮಿಕ್ಕುದನ್ನು ಊರೇ ತುಂಬಿಕೊಳ್ಳುತ್ತದೆ. ಹೆಸರಿಲ್ಲದ ಮಾಹಿತಿಯು ಎಲ್ಲಿಯವರೆಗೆ ಹರಿಯಬಹುದೆಂಬುದಕ್ಕೆ ಅಮೆರಿಕದಲ್ಲಿ ಒಂದು ನಿದರ್ಶನ ನಡೆದುಹೋಗಿದೆ. ೨೦೧೩ರಲ್ಲಿ ಆರಂಭವಾದ ‘ಕ್ರೈಸಿಸ್ ಟೆಕ್ಸ್ಟ್ ಲೈನ್’ ಎಂಬ ಧರ್ಮಾರ್ಥ ಸಂಸ್ಥೆಯು ಬರಹದ ಸಂದೇಶಗಳ ಮೂಲಕ ಆರ್ತರಿಗೆ ಸಾಂತ್ವನ ಹೇಳುತ್ತಿತ್ತು. ಅದು ಹೆಸರು ತೆಗೆದ ಸಂಭಾಷಣೆಗಳನ್ನು ‘ಲೋರಿಸ್’ ಎಂಬ ತನ್ನದೇ ಸಂಬಂಧದ ವ್ಯಾಪಾರಸಂಸ್ಥೆಗೆ ಕೊಡುತ್ತಿದ್ದುದೂ, ಆ ಸಂಸ್ಥೆಯು ಗಿರಾಕಿಗಳೊಡನೆ ನಯವಾಗಿ ಮಾತನಾಡುವುದನ್ನು ಕಲಿಸುವ ಯಂತ್ರವನ್ನು ಮಾರುತ್ತಿದ್ದುದೂ ೨೦೨೨ರ ಜನವರಿಯಲ್ಲಿ ಪತ್ರಿಕೆಯಲ್ಲಿ ಬಯಲಾಯಿತು. ಬಳಕೆದಾರರ ಒಪ್ಪಿಗೆಯಿದೆಯೆಂದು ಸಂಸ್ಥೆಯವರು ಮೊದಲು ಸಮರ್ಥಿಸಿಕೊಂಡರು. ಕೆಲವೇ ದಿನಗಳಲ್ಲಿ ಆ ಏರ್ಪಾಡನ್ನು ನಿಲ್ಲಿಸಿದರು. ದುಃಖದಲ್ಲಿ ಮುಳುಗಿದವನು ಐವತ್ತು ಪರಿಚ್ಛೇದಗಳ ಷರತ್ತನ್ನು ಓದಿ ಒಪ್ಪಿದನೆಂಬುದು ಒಪ್ಪಿಗೆಯ ಅಣಕವೇ ಸರಿ.

ನಮ್ಮ ಕಾನೂನು ಎಷ್ಟು ದೂರ ಬಂದಿದೆ? ೨೦೧೭ರ ಅಧಿನಿಯಮದ ೨೩ನೆಯ ಪ್ರಕರಣವು ಗೋಪ್ಯವನ್ನು ಹಕ್ಕಾಗಿ ಕೊಟ್ಟಿದೆ. ಪ್ರಾಣಾಪಾಯ, ಇತರರಿಗೆ ಕೇಡು, ನ್ಯಾಯಾಲಯದ ಆಜ್ಞೆ ಮುಂತಾದ ಕೆಲವು ಸಂದರ್ಭಗಳನ್ನು ಮಾತ್ರ ಹೊರತುಪಡಿಸಿದೆ. ಆದರೆ ಆ ಪ್ರಕರಣದ ಪದಗಳನ್ನು ಪಾಠಶಾಲೆಯ ಕ್ರಮದಲ್ಲಿ ಬಿಡಿಸಿ ನೋಡಿದರೆ, ಹಕ್ಕು ದೊರೆತಿರುವುದು ಮಾನಸಿಕ ಅಸ್ವಸ್ಥತೆಯುಳ್ಳ ವ್ಯಕ್ತಿಗೆ, ಹೊಣೆಯಿರುವುದು ಆರೋಗ್ಯ ವೃತ್ತಿಯವರಿಗೆ. ಪರೀಕ್ಷೆಯಲ್ಲಿ ಅನುತ್ತೀರ್ಣನಾಗಿ ಕರೆಮಾಡಿದ ಹುಡುಗನು ರೋಗಿಯೆ? ಕೇಳಿದ ನಿವೃತ್ತ ಗುಮಾಸ್ತನು ಆರೋಗ್ಯ ವೃತ್ತಿಯವನೆ? ಸಹಾಯವಾಣಿಯ ನಿಜವಾದ ಜೀವಾಳವಾದ ಈ ಇಬ್ಬರೂ ಪದಗಳ ಸಂದಿನಲ್ಲಿ ಜಾರಿಹೋಗುವ ಸಂಭವವುಂಟು. ಸಾಕ್ಷ್ಯದ ಕಾನೂನಿನಲ್ಲಿಯೂ ಇಂಥದೇ ತೆರಪಿದೆ. ಕಕ್ಷಿಗಾರನು ವಕೀಲನಿಗೆ ಹೇಳಿದುದಕ್ಕೂ, ಗಂಡಹೆಂಡಿರು ಪರಸ್ಪರ ಆಡಿದುದಕ್ಕೂ ೧೮೭೨ರ ಶಾಸನವು ರಕ್ಷೆಯನ್ನಿತ್ತಿತು. ವೈದ್ಯನಿಗೆ ಹೇಳಿದುದಕ್ಕೆ ಕೊಡಲಿಲ್ಲ. ಅದರ ಸ್ಥಾನದಲ್ಲಿ ೨೦೨೪ರಲ್ಲಿ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಕೊಟ್ಟಿಲ್ಲ. ಆಸ್ತಿಯ ವ್ಯಾಜ್ಯದಲ್ಲಿಯೋ ವಿವಾಹವಿಚ್ಛೇದನದಲ್ಲಿಯೋ ಎದುರುಪಕ್ಷದವರು ಧ್ವನಿಮುದ್ರಣವನ್ನು ತರಿಸಬೇಕೆಂದು ಕೇಳಿದರೆ ನ್ಯಾಯಾಧೀಶರ ವಿವೇಕವೊಂದೇ ಅಡ್ಡಗೋಡೆ. ಇಲ್ಲದ ಧ್ವನಿಮುದ್ರಣವನ್ನು ಯಾರೂ ತರಿಸಲಾರರೆಂಬುದು ಹಳೆಯ ಸಹಾಯವಾಣಿಗಳ ಸರಳವಾದ ಬಲವಾಗಿತ್ತು.

ಮಕ್ಕಳ ೧೦೯೮ರ ಕಥೆ ಬೇರೊಂದು ಬಗೆಯದು. ೧೯೯೬ರಲ್ಲಿ ಮುಂಬಯಿಯಲ್ಲಿ ಸ್ವಯಂಸೇವಾ ಕಾರ್ಯವಾಗಿ ಹುಟ್ಟಿದ ಈ ವಾಣಿಯನ್ನು ೨೦೨೩ರ ಸುಮಾರಿಗೆ ಸರಕಾರವು ತನ್ನ ಕೈಗೆ ತೆಗೆದುಕೊಂಡು, ಪೊಲೀಸು ಮುಂತಾದ ತುರ್ತುಸೇವೆಗಳ ೧೧೨ರೊಡನೆ ಜೋಡಿಸಿತು. ನೆರವು ಬೇಗನೆ ತಲಪುವುದೆಂಬುದು ಸರಕಾರದ ವಾದ. ಮನೆಯವರಿಂದಲೇ ಹಿಂಸೆಗೊಳಗಾದ ಮಗು ಪೊಲೀಸರ ಹೆಸರು ಕೇಳಿ ಬಾಯಿ ಮುಚ್ಚೀತೆಂಬುದು ಮಕ್ಕಳ ಕ್ಷೇತ್ರದಲ್ಲಿ ದುಡಿದವರ ಆತಂಕ. ಎರಡರಲ್ಲಿಯೂ ಸತ್ಯವಿದೆ, ಎರಡನೆಯದಕ್ಕೆ ಕಿವಿಗೊಟ್ಟವರು ಕಡಮೆ.

ವ್ಯಕ್ತಿಗಳ ಮಾಹಿತಿಯನ್ನು ರಕ್ಷಿಸುವ ಶಾಸನಕ್ಕೆ ೨೦೨೩ರ ಆಗಸ್ಟ್ ೧೧ರಂದು ರಾಷ್ಟ್ರಪತಿಗಳ ಅಂಕಿತವಾಯಿತು. ೨೦೧೧ರ ನಿಯಮಗಳಲ್ಲಿ ಮನಸ್ಸಿನ ಆರೋಗ್ಯದ ಸ್ಥಿತಿಯನ್ನು ಸೂಕ್ಷ್ಮ ಮಾಹಿತಿಯೆಂದು ಬೇರೆಯಾಗಿ ಎಣಿಸಿದ್ದರು; ಹೊಸ ಶಾಸನದಲ್ಲಿ ಅಂಥ ವಿಂಗಡಣೆಯಿಲ್ಲ. ಅಂಗಡಿಯಲ್ಲಿ ಕೊಟ್ಟ ವಿಳಾಸವೂ ಸಹಾಯವಾಣಿಯಲ್ಲಿ ಹೇಳಿದ ಸಂಕಟವೂ ಅದರಲ್ಲಿ ಒಂದೇ ಸಾಲಿನವು. ಆದರೂ, ಏತಕ್ಕಾಗಿ ಸಂಗ್ರಹಿಸುತ್ತೇವೆಂದು ಆಡುಭಾಷೆಯಲ್ಲಿ ತಿಳಿಸಬೇಕು, ಉದ್ದೇಶ ತೀರಿದ ಮೇಲೆ ಅಳಿಸಬೇಕು ಎಂಬ ಕಟ್ಟಳೆಗಳು ಅದರಲ್ಲಿವೆ. ಸಂವಿಧಾನದ ಎಂಟನೆಯ ಅನುಸೂಚಿಯ ಯಾವ ಭಾಷೆಯಲ್ಲಿಯಾದರೂ ಆ ತಿಳಿವಳಿಕೆಯನ್ನು ಪಡೆಯುವ ಅವಕಾಶವಿರುವುದರಿಂದ ಕನ್ನಡದಲ್ಲಿ ಕೇಳುವ ಹಕ್ಕು ಕನ್ನಡಿಗನಿಗುಂಟು. ಇದರ ನಿಯಮಗಳು ೨೦೨೫ರ ನವೆಂಬರಿನಲ್ಲಿ ಪ್ರಕಟವಾದವು, ಮುಖ್ಯ ಕಟ್ಟಳೆಗಳ ಆಚರಣೆಗೆ ಸಂಸ್ಥೆಗಳಿಗೆ ಹದಿನೆಂಟು ತಿಂಗಳ ಅವಧಿಯನ್ನು ಕೊಟ್ಟರು.